ಆಪರೇಷನ್ ಗಡಿಯಾಚೆ, ಚೇತರಿಕೆ ಗಡಿಯೀಚೆ



ಕಳೆದ ಎರಡು ಸಂಚಿಕೆಗಳಲ್ಲಿ ಈ ಪುಟ ಬರಲಿಲ್ಲ. ಯಾಕೆಂದು ವಿಚಾರಿಸಿ ಸೊಲ್ಲಾಪುರ, ತಾಳವಾಡಿ, ಆದೋನಿಗಳಿಂದ ಫೋನ್ ಮಾಡಿದ ಎಲ್ಲರಿಗೂ ನಮ್ಮ ಕೃತಜ್ಞತೆ. ಸಂಗತಿ ಇಷ್ಟೆ. ಆಟಿ ತಿಂಗಳ ಮಳೆಯಲ್ಲಿ ಅಂಗಳಕ್ಕೆ ಪಾಚಿ ಹಿಡಿದಿತ್ತು. ನಡೆಯುವ ದಾರಿಗೆ ಅಡಿಕೆ ಸೋಗೆ ಹಾಸಿತ್ತು, ನಾವು ಸೋಗೆ ಬಿಟ್ಟು ಅಡ್ಡದಾರಿ ಹಿಡಿದೆವು. ಜಾರಿ ಬಿದ್ದದ್ದಷ್ಟೇ ನೆನಪು, ಏಳಲಾಗಲಿಲ್ಲ. ತೊಡೆಯ ಮೂಳೆಯ ತುದಿಯಲ್ಲಿ ಸೊಂಟದ ಗುಳಿಯೊಳಗೆ ಕೂರುವ ಒಂದು ಗುಂಡು ಇರುತ್ತದೆ. ಅದರ ಕೆಳಗಿನ ಕುತ್ತಿಗೆ ಮುರಿದಿತ್ತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹಳೆಯ ಕೀಲು ತೆಗೆದು ಕೃತಕ ಕೀಲು ಕೂರಿಸಿದರು. ಮರುದಿನವೇ ವಾಕರ್ ಕೈಗೆ ಕೊಟ್ಟು ನಿಲ್ಲಿಸಿದರು, ಐದನೆಯ ದಿನ ಮನೆಗೆ ಕಳಿಸಿದರು.

ನಮ್ಮ ಸ್ವಂತ ಕಷ್ಟವನ್ನು ಸಂಘದ ಪುಟದಲ್ಲಿ ಬರೆಯುವ ಅಭ್ಯಾಸ ನಮಗಿಲ್ಲ. ಮಲಗಿದ್ದ ವಾರಗಳಲ್ಲಿ ಒಂದು ವಿಷಯ ಮನಸ್ಸಿಗೆ ಬಂತು. ಅದು ನಮ್ಮೊಬ್ಬರದಲ್ಲ, ಗಡಿಯಲ್ಲಿರುವ ಎಲ್ಲ ಕನ್ನಡಿಗರದು. ಹಾಗಾಗಿ ಬರೆಯುತ್ತಿದ್ದೇವೆ.

ದೊಡ್ಡ ಆಪರೇಷನ್ ಎಂದರೆ ನಾವು ಗಡಿ ದಾಟುತ್ತೇವೆ. ಕಾಸರಗೋಡಿನವರು ಮಂಗಳೂರಿಗೆ, ವಯನಾಡಿನವರು ಮೈಸೂರಿಗೆ, ತಾಳವಾಡಿಯವರು ಚಾಮರಾಜನಗರ ಮೈಸೂರುಗಳಿಗೆ, ಹೊಸೂರಿನವರು ಬೆಂಗಳೂರಿಗೆ, ಆದೋನಿ ರಾಯದುರ್ಗದವರು ಬಳ್ಳಾರಿಗೆ, ಜತ್ತ ಅಕ್ಕಲಕೋಟೆಯವರಲ್ಲಿ ಅನೇಕರು ವಿಜಯಪುರ ಕಲಬುರಗಿಗಳಿಗೆ. ಅಲ್ಲಿ ಕೆಲಸ ಚೆನ್ನಾಗಿಯೇ ಆಗುತ್ತದೆ. ಆದರೆ ಸೊಂಟದ ಕೀಲು ಬದಲಾಯಿಸುವುದು ಒಂದೆರಡು ಗಂಟೆಯ ಕೆಲಸ. ಮತ್ತೆ ಊರುಗೋಲಿಲ್ಲದೆ ನಡೆಯುವಂತಾಗುವುದು ವಾರಗಟ್ಟಲೆ, ತಿಂಗಳುಗಟ್ಟಲೆ ಕೆಲಸ. ಆ ಕೆಲಸ ನಡೆಯುವುದು ಗಡಿಯ ಈಚೆ, ನಮ್ಮ ಮನೆಯ ಜಗಲಿಯಲ್ಲಿ. ಅದಕ್ಕೆ ಯಾವ ಸರ್ಕಾರವೂ ಹೊಣೆಯಲ್ಲ. ನಾವು ಹೇಳಬೇಕೆಂದಿರುವುದು ಇದನ್ನೇ.

ಹದಿನೈದು ದಿನದ ಲೆಕ್ಕ, ಹನ್ನೆರಡು ವಾರದ ನಡಿಗೆ

ಮೂವತ್ತು ವರ್ಷ ಸಹಕಾರಿ ಸಂಘದಲ್ಲಿ ಗುಮಾಸ್ತಿಕೆ ಮಾಡಿದವರಿಗೆ ಯಾವುದೇ ಯೋಜನೆಯ ಸಣ್ಣ ಅಕ್ಷರ ಓದದಿದ್ದರೆ ನಿದ್ದೆ ಬರುವುದಿಲ್ಲ. ಆಯುಷ್ಮಾನ್ ಭಾರತ್ ಯೋಜನೆ 2018ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ವೆಚ್ಚ ಅದರಲ್ಲಿದೆ. 2024ರ ಅಕ್ಟೋಬರ್ ಕೊನೆಯಲ್ಲಿ 70 ವರ್ಷ ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಅದನ್ನು ವಿಸ್ತರಿಸಲಾಯಿತು. ಒಂದು ರಾಜ್ಯದ ಕಾರ್ಡನ್ನು ಇನ್ನೊಂದು ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿ ಬಳಸಬಹುದು ಎಂಬುದೂ ನಿಯಮದಲ್ಲೇ ಇದೆ. ಗಡಿಯವರಿಗೆ ಇದು ದೊಡ್ಡ ಮಾತು. ಆದರೂ ಹೊರಡುವ ಮೊದಲು, ನಿಮ್ಮ ಕಾರ್ಡು ಆ ಆಸ್ಪತ್ರೆಯಲ್ಲಿ ಆ ಆಪರೇಷನ್‌ಗೆ ನಡೆಯುತ್ತದೆಯೇ ಎಂದು ಅಲ್ಲಿನ ಯೋಜನಾ ಕೌಂಟರಿನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ರೋಗಿಯನ್ನು ಸ್ಟ್ರೆಚರಿನಲ್ಲಿ ಮಲಗಿಸಿಕೊಂಡು ಕೇಳುವ ಪ್ರಶ್ನೆ ಅದಲ್ಲ.

ಈಗ ಸಣ್ಣ ಅಕ್ಷರಕ್ಕೆ ಬರೋಣ. ಈ ಯೋಜನೆ ಆಸ್ಪತ್ರೆ ಸೇರುವ ಮೊದಲಿನ 3 ದಿನ ಮತ್ತು ಬಿಟ್ಟ ನಂತರದ 15 ದಿನಗಳ ಪರೀಕ್ಷೆ, ಔಷಧಿಗಳ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹದಿನೈದನೆಯ ದಿನ ಸೊಂಟದ ರೋಗಿ ಎಲ್ಲಿರುತ್ತಾನೆ? ಗಾಯದ ಪಿನ್ನು ಆಗಷ್ಟೇ ತೆಗೆದಿರುತ್ತಾರೆ. ವಾಕರ್ ಕೈಯಲ್ಲೇ ಇರುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲು ಕೊಡುವ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ತಿಂಗಳವರೆಗೂ ಮುಂದುವರಿಸಬೇಕಾಗುತ್ತದೆ. ಬಗ್ಗುವ, ಕೂರುವ ವಿಷಯದ ಕಟ್ಟುಪಾಡುಗಳನ್ನು ಆರರಿಂದ ಹನ್ನೆರಡು ವಾರ ಪಾಲಿಸಲು ಹೇಳುತ್ತಾರೆ. ಪೂರ್ತಿ ಬಲ ಬರಲು ಆರು ತಿಂಗಳೋ ಒಂದು ವರ್ಷವೋ ಬೇಕು. ಸರ್ಕಾರದ ಲೆಕ್ಕ ಮುಗಿಯುವಾಗ ರೋಗಿಯ ಲೆಕ್ಕ ಶುರುವಾಗಿರುತ್ತದೆ ಅಷ್ಟೆ.

ಬೆಲೆಯ ವಿಷಯದಲ್ಲೂ ಒಂದು ಮಾತು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿಯ ಕೃತಕ ಕೀಲಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಆ ಆದೇಶ ಸೊಂಟದ ಕೀಲಿಗೆ ಅನ್ವಯಿಸಲಿಲ್ಲ. ಆದ್ದರಿಂದ ಯಾವ ಬಗೆಯ ಕೀಲು, ಬೆಲೆ ಎಷ್ಟು ಎಂದು ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು. ಕೀಲಿನ ಪೆಟ್ಟಿಗೆಯ ಮೇಲಿರುವ ಸ್ಟಿಕರನ್ನು ಕೇಳಿ ಪಡೆದು ರೇಷನ್ ಕಾರ್ಡಿನಂತೆ ಜೋಪಾನ ಮಾಡಿ. 2010ರಲ್ಲಿ ಒಂದು ಬಹುರಾಷ್ಟ್ರೀಯ ಕಂಪನಿ ತನ್ನ ಒಂದು ಬಗೆಯ ಸೊಂಟದ ಕೀಲನ್ನು ದೋಷದ ಕಾರಣ ಜಗತ್ತಿನಾದ್ಯಂತ ಹಿಂದಕ್ಕೆ ಪಡೆದಾಗ, ನಮ್ಮ ದೇಶದಲ್ಲಿ ಅದನ್ನು ಹಾಕಿಸಿಕೊಂಡವರು ಎಲ್ಲೆಲ್ಲಿದ್ದಾರೆಂದು ಪತ್ತೆ ಮಾಡುವುದೇ ದೊಡ್ಡ ಕಷ್ಟವಾಯಿತು. ಆಪರೇಷನ್ ಒಂದು ರಾಜ್ಯದಲ್ಲಿ, ಮನೆ ಇನ್ನೊಂದು ರಾಜ್ಯದಲ್ಲಿ ಇರುವ ನಮ್ಮಂಥವರನ್ನು ಹುಡುಕುವುದು ಇನ್ನೂ ಕಷ್ಟ.

ತಗ್ಗಿನ ಕುರ್ಚಿಯ ಕಥೆ

ಮನೆಗೆ ಬಂದ ಮೇಲೆ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇವೆ. ಆಸ್ಪತ್ರೆಯ ಬಿಡುಗಡೆ ಪತ್ರ ಇಂಗ್ಲಿಷಿನಲ್ಲಿ ಮೂರು ಪುಟ ಇತ್ತು. ರಕ್ತದ ಅಂಕಿ ಸಂಖ್ಯೆಗಳೆಲ್ಲ ಅದರಲ್ಲಿದ್ದವು. ಹೇಗೆ ಕೂರಬೇಕು, ಹೇಗೆ ಮಲಗಬೇಕು ಎಂಬುದು ಒಂದು ಸಾಲೂ ಇರಲಿಲ್ಲ. ಅದನ್ನು ಬಾಯಲ್ಲಿ ಹೇಳಿದ್ದರು, ಒಳ್ಳೆಯ ಕನ್ನಡದಲ್ಲೇ ಹೇಳಿದ್ದರು. ಆ ಹೊತ್ತಿಗೆ ನಮಗೆ ನೋವಿನ ಮದ್ದಿನ ಮಂಪರು, ಮನೆಯವರಿಗೆ ಬಿಲ್ಲಿನ ಚಿಂತೆ. ಯಾರ ತಲೆಗೂ ಹೋಗಲಿಲ್ಲ.

ಊರಿಗೆ ಬಂದು ಐದು ದಿನ ನಾವು ಜಗಲಿಯ ಆರಾಮಕುರ್ಚಿಯಲ್ಲಿ ಕೂತೆವು. ಅಪ್ಪಯ್ಯನ ಕಾಲದ ತಗ್ಗಿನ ಕುರ್ಚಿ. ರೋಗಿಗೆ ಅದಕ್ಕಿಂತ ಸುಖದ ಜಾಗ ಯಾವುದೆಂದು ಎಲ್ಲರೂ ಅಂದುಕೊಂಡೆವು. ಆರನೆಯ ದಿನ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬಂದರು. ಜಗಲಿ ಹತ್ತುತ್ತಲೇ ಕೈ ಬಾಯಿಗಿಟ್ಟು ನಿಂತರು. ಸೊಂಟಕ್ಕಿಂತ ಮಂಡಿ ಮೇಲಿರುವಂತೆ ಕೂರಲೇಬಾರದಂತೆ. ಹಿಂಬದಿಯಿಂದ ಕೊಯ್ದು ಮಾಡಿದ ಆಪರೇಷನ್ ಆದರೆ ಹಾಗೆ ಕೂತಾಗ ಹೊಸ ಕೀಲು ಗುಳಿಯಿಂದ ಹೊರಗೆ ಜಾರುವ ಅಪಾಯ ಇದೆಯಂತೆ. ‘ಹಿಂಬದಿಯಿಂದ ಮಾಡಿದ್ದೋ, ಪಕ್ಕದಿಂದಲೋ?’ ಎಂದು ಕೇಳಿದರು. ನಮಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ಇಬ್ಬರು ಹಿಡಿದು ನಮ್ಮನ್ನು ಎಬ್ಬಿಸಿ, ಊಟದ ಮೇಜಿನ ಎತ್ತರದ ಕುರ್ಚಿಗೆ ಎರಡು ದಿಂಬು ಹಾಕಿ ಕೂರಿಸಿದರು. ಏನೂ ಆಗಿರಲಿಲ್ಲ, ಅದು ನಮ್ಮ ಪುಣ್ಯ.

ಆ ನರ್ಸಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕೇರಳ 2008ರಲ್ಲೇ ಪಾಲಿಯೇಟಿವ್ ಆರೈಕೆಗೆ ಒಂದು ನೀತಿ ಮಾಡಿ, ಪಂಚಾಯತುಗಳ ಮೂಲಕ ಹಾಸಿಗೆ ಹಿಡಿದವರ ಮನೆಗೇ ನರ್ಸ್ ಹೋಗುವ ವ್ಯವಸ್ಥೆ ತಂದಿತು. ಇಂಥದ್ದು ಬೇರೆ ಕಡೆ ಅಪರೂಪ. ಕೇರಳದ ಸರ್ಕಾರದ ಮೇಲೆ ಭಾಷೆಯ ವಿಷಯದಲ್ಲಿ ನಾವು ಎಷ್ಟೋ ಮನವಿ ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಒಳ್ಳೆಯದನ್ನು ಒಳ್ಳೆಯದೆನ್ನದೆ ಇರಲಾಗದು.

ತೊಡಕು ಬಂದದ್ದು ಕಾಗದದಲ್ಲಿ. ನರ್ಸ್ ಬಿಟ್ಟುಹೋದ ಸೂಚನೆಯ ಹಾಳೆ ಮಲಯಾಳದಲ್ಲಿತ್ತು. ನಮ್ಮ ಮನೆಯವರಿಗೆ ಮಲಯಾಳ ಆಡಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಗಡಿಯ ಹಿರಿಯ ಹೆಂಗಸರಲ್ಲಿ ಅನೇಕರ ಸ್ಥಿತಿ ಇದೇ. ಅಕ್ಕಲಕೋಟೆಯಲ್ಲಿ ಮರಾಠಿ, ಹೊಸೂರಿನಲ್ಲಿ ತಮಿಳು, ಮಡಕಶಿರದಲ್ಲಿ ತೆಲುಗು, ಕಥೆ ಒಂದೇ. ಪಕ್ಕದ ಮನೆಯ ಕಾಲೇಜು ಹುಡುಗ ಸಂಜೆ ಬಂದು ಓದಿ ಹೇಳುವವರೆಗೆ ಹಾಳೆ ದೇವರ ಗೂಡಿನ ಪಕ್ಕದಲ್ಲಿ ಕಾದಿತ್ತು. ಆಪರೇಷನ್ ಮಾಡಿದವರು ಕನ್ನಡದಲ್ಲಿ ಹೇಳಿದರು, ಬರೆದುಕೊಡಲಿಲ್ಲ. ಆರೈಕೆ ಮಾಡಿದವರು ಬರೆದುಕೊಟ್ಟರು, ಕನ್ನಡದಲ್ಲಿ ಕೊಡಲಿಲ್ಲ. ಇವೆರಡರ ನಡುವೆ ನಮ್ಮ ಹೊಸ ಕೀಲು ಐದು ದಿನ ತಗ್ಗಿನ ಕುರ್ಚಿಯಲ್ಲಿ ಕೂತಿತ್ತು.

ಗಡಿ ಎಂದರೆ ಮಣ್ಣಿನ ದಿಬ್ಬ ಮಾತ್ರವಲ್ಲ

ಆಸ್ಪತ್ರೆ ಮತ್ತು ಗಡಿ ಎಂದಾಗ ನಮಗೆಲ್ಲ ನೆನಪಾಗುವುದು 2020ರ ಮಾರ್ಚ್ ತಿಂಗಳು. ಕೊರೋನಾ ಲಾಕ್‌ಡೌನಿನಲ್ಲಿ ತಲಪಾಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿಗೆ ಹೊರಟ ಆಂಬುಲೆನ್ಸುಗಳು ಹಿಂದೆ ಬಂದವು, ಚಿಕಿತ್ಸೆ ಸಿಗದೆ ಜೀವಗಳು ಹೋದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಸಬೇಕೆಂದು ಆದೇಶ ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಎರಡು ರಾಜ್ಯಗಳು ಮಾತಾಡಿ ರೋಗಿಗಳನ್ನು ಬಿಡಲು ಒಂದು ಕ್ರಮ ಗೊತ್ತುಮಾಡಿಕೊಂಡ ಮೇಲೆ ಏಪ್ರಿಲ್ 7ರಂದು ಮೊಕದ್ದಮೆ ಮುಗಿಯಿತು. ಆ ಮಣ್ಣು ಈಗಿಲ್ಲ. ಆದರೆ ಅಂದು ಎಲ್ಲರಿಗೂ ಕಂಡ ಒಂದು ಸತ್ಯ ಹಾಗೆಯೇ ಇದೆ: ನಮ್ಮ ಆಸ್ಪತ್ರೆ ಒಂದು ರಾಜ್ಯದಲ್ಲಿದೆ, ನಮ್ಮ ಮನೆ ಇನ್ನೊಂದರಲ್ಲಿ.

ನಮ್ಮ ಮನೆ ಬದಿಯಡ್ಕದ ಬಳಿ. ಉಕ್ಕಿನಡ್ಕದ ಸರ್ಕಾರಿ ವೈದ್ಯಕೀಯ ಕಾಲೇಜು ಅಲ್ಲಿಂದ ದೂರವೇನೂ ಅಲ್ಲ. 2013ರಲ್ಲಿ ಅಡಿಗಲ್ಲು ಬಿತ್ತು, 2020ರಲ್ಲಿ ಅವಸರದಲ್ಲಿ ಕೊರೋನಾ ಆಸ್ಪತ್ರೆಯಾಗಿ ತೆರೆಯಿತು, 2022ರಲ್ಲಿ ಹೊರರೋಗಿ ವಿಭಾಗ ಬಂತು, 2025ರಲ್ಲಿ ಎಂಬಿಬಿಎಸ್ ತರಗತಿಗೆ ಒಪ್ಪಿಗೆ ಸಿಕ್ಕಿತು. ಒಂದು ಮಗು ಹುಟ್ಟಿ ಏಳನೆಯ ತರಗತಿಗೆ ಹೋಗುವಷ್ಟು ಕಾಲ. ಅದು ಪೂರ್ಣ ಪ್ರಮಾಣದ ಆಸ್ಪತ್ರೆಯಾಗಿ ಬೆಳೆಯಲಿ ಎಂಬುದೇ ನಮ್ಮ ಹಾರೈಕೆ. ಅಲ್ಲಿಯವರೆಗೆ ಮುರಿದ ಮೂಳೆ ಹೊತ್ತು ಐವತ್ತು ಕಿಲೋಮೀಟರ್ ಹೋಗುವುದು ತಪ್ಪುವುದಿಲ್ಲ. ಪಿನ್ನು ತೆಗೆಸಲು ಹದಿನಾಲ್ಕನೆಯ ದಿನ, ತೋರಿಸಲು ಆರನೆಯ ವಾರ, ಮತ್ತೆ ಮೂರನೆಯ ತಿಂಗಳು, ಹೀಗೆ ಪ್ರತಿ ಸಲವೂ ಕಾರಿನ ತಗ್ಗಿನ ಸೀಟಿನಲ್ಲಿ ದಿಂಬು ಹಾಕಿಕೊಂಡು ಅದೇ ಪ್ರಯಾಣ.

ಬೇರೆ ಕಡೆಯ ಸದಸ್ಯರ ದಾರಿ ಇದಕ್ಕಿಂತ ಸುಲಭವಲ್ಲ. ತಾಳವಾಡಿಯವರು ತಮ್ಮದೇ ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿಯಬೇಕು. ಹೊಸ ಸೊಂಟ ಇಟ್ಟುಕೊಂಡು ಅಲ್ಲಿ ಇಳಿಯುವವರು ಯಾರು? ವಯನಾಡಿನಿಂದ ಮೈಸೂರಿನ ಕಡೆ ಬರುವ ಹೆದ್ದಾರಿಯಲ್ಲಿ ಬಂಡೀಪುರದೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ. ಆಂಬುಲೆನ್ಸಿಗೆ ಬಿಡುತ್ತಾರೆ. ತಪಾಸಣೆ ಮುಗಿಸಿ ತಡವಾಗಿ ಹೊರಟ ಬಾಡಿಗೆ ಕಾರಿನ ರೋಗಿ ಹೊತ್ತು ನೋಡಿಕೊಂಡೇ ಹೊರಡಬೇಕು.

ಹಾಗೆಂದು ಸರ್ಕಾರಗಳಿಗೆ ಗಡಿಯಾಚೆಯ ಆರೋಗ್ಯದ ಚಿಂತೆಯೇ ಇಲ್ಲ ಎನ್ನುವಂತಿಲ್ಲ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಕರ್ನಾಟಕದ 865 ಹಳ್ಳಿಗಳಿಗೆ ತನ್ನ ಆರೋಗ್ಯ ವಿಮೆ ಯೋಜನೆ ವಿಸ್ತರಿಸುತ್ತೇವೆ ಎಂದಿತು. ಕರ್ನಾಟಕ ಅದನ್ನು ವಿರೋಧಿಸಿತು. ಎರಡೂ ಕಡೆ ಹೇಳಿಕೆಗಳಾದವು. ಆ ಗದ್ದಲದಲ್ಲಿ ರೋಗಿ ಕಾಣಿಸಲಿಲ್ಲ, ನಕ್ಷೆ ಮಾತ್ರ ಕಾಣಿಸಿತು. ಇತ್ತೀಚೆಗೆ ಕೇರಳದ ಮಲಯಾಳ ಭಾಷಾ ಮಸೂದೆಯ ಬಗ್ಗೆಯೂ ಎರಡು ರಾಜ್ಯಗಳ ನಡುವೆ ಚರ್ಚೆಯಾಯಿತು. ಅಲ್ಲಿ ಮುಖ್ಯವಾಗಿ ಬಂದದ್ದು ಶಾಲೆಯ ಮಾತು. ಶಾಲೆ ಬೇಕೇ ಬೇಕು. ಆದರೆ ನಮ್ಮ ಸದಸ್ಯರಲ್ಲಿ ಅರ್ಧಕ್ಕರ್ಧ ಮಂದಿ ಶಾಲೆ ಬಿಟ್ಟು ಐವತ್ತು ವರ್ಷವಾದವರು. ಅವರಿಗೆ ದಿನ ಬೆಳಗಾದರೆ ಬೇಕಾದ ಕನ್ನಡ ಆಸ್ಪತ್ರೆಯ ಚೀಟಿಯಲ್ಲಿದೆ.

ಈ ಬೇಡಿಕೆಗೆ ಕಾನೂನಿನ ಬೆಂಬಲ ಇಲ್ಲದಿಲ್ಲ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವೂ ಆ ಭಾಷೆಯಲ್ಲಿ ಬರಬೇಕು ಎನ್ನುತ್ತದೆ. ಸಂವಿಧಾನದ 350ನೆಯ ವಿಧಿ ಯಾವುದೇ ರಾಜ್ಯದವರಿಗೂ ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡುವ ಹಕ್ಕು ನೀಡಿದೆ. ಮನವಿ ಪತ್ರಕ್ಕೆ ಇರುವ ಈ ಗೌರವ ಮದ್ದಿನ ಚೀಟಿಗೆ ಯಾಕಿರಬಾರದು?

ಸ್ಥಳೀಯ ಭಾಷೆ ಕಲಿತರಾಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಕಲಿಯಬೇಕು, ನಮ್ಮ ಮೊಮ್ಮಕ್ಕಳು ಕಲಿತಿದ್ದಾರೆ. ಎಪ್ಪತ್ತೈದರ ಅಜ್ಜಿ ಹೊಸ ಲಿಪಿ ಕಲಿಯುವವರೆಗೆ ಹೊಸ ಸೊಂಟ ಕಾಯುವುದಿಲ್ಲ.

ನಮ್ಮ ಮನೆಗೆ, ನಮ್ಮ ಅಭ್ಯಾಸಕ್ಕೆ ತಕ್ಕ ಸೂಚನೆ

ಕನ್ನಡದಲ್ಲಿ ಬೇಕು ಎಂದರೆ ಅಕ್ಷರ ಬದಲಾದರೆ ಸಾಲದು. ಕುರ್ಚಿಯಲ್ಲಿ ಕೂತು ಉಣ್ಣುವವರಿಗೆ, ಕಮೋಡ್ ಇದ್ದವರಿಗೆ ಬರೆದ ಸೂಚನೆಗಳನ್ನು ಹಾಗೆಯೇ ಕನ್ನಡಕ್ಕೆ ತಂದರೆ ನಮ್ಮ ಮನೆಗೆ ಹೊಂದುವುದಿಲ್ಲ. ನಾವು ನೆಲದ ಮೇಲೆ ಉಣ್ಣುವವರು, ಚಾಪೆಯ ಮೇಲೆ ಮಲಗುವವರು, ಚಕ್ಕಳಮಕ್ಕಳ ಹಾಕುವವರು, ದೇವರೆದುರು ಅಡ್ಡಬೀಳುವವರು. ಪಾಯಿಖಾನೆ ಅಂಗಳದ ಆಚೆ, ಕುಕ್ಕರುಗಾಲಲ್ಲಿ ಕೂರುವಂಥದ್ದು. ವೈದ್ಯರು ಬೇಡ ಎನ್ನುವುದು ಸರಿಯಾಗಿ ಇವನ್ನೇ: ಸೊಂಟವನ್ನು ಸಮಕೋನಕ್ಕಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು, ಮಲಗುವಾಗ ಎರಡು ಕಾಲಿನ ನಡುವೆ ದಿಂಬಿರಬೇಕು. ಕೆಲವು ಬಗೆಯ ಆಪರೇಷನ್‌ಗಳಲ್ಲಿ ಇಷ್ಟು ಕಟ್ಟುನಿಟ್ಟು ಇರುವುದಿಲ್ಲ. ಅದಕ್ಕಾಗಿಯೇ ನಿಮ್ಮದು ಯಾವ ಬಗೆ, ಎಷ್ಟು ವಾರ, ಕಾಲಿನ ಮೇಲೆ ಎಷ್ಟು ಭಾರ ಎಂದು ವೈದ್ಯರಿಂದ ಬರೆಸಿಕೊಳ್ಳಬೇಕು.

ಇನ್ನು ಕೆಲವನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. ಮೀನಖಂಡ ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಜ್ವರ ಬಂದು ಗಾಯದಿಂದ ಕೀವು ಒಸರಿದರೆ, ತಟ್ಟನೆ ತೀವ್ರ ನೋವಾಗಿ ಕಾಲು ಗಿಡ್ಡವಾದಂತೆ ಕಂಡರೆ ‘ನಾಳೆ ನೋಡೋಣ’ ಎನ್ನಬೇಡಿ. ಆ ಹೊತ್ತಿಗೆ ಮಂಗಳೂರೋ ಮೈಸೂರೋ ಎಂದು ಯೋಚಿಸುತ್ತ ಕೂರುವುದೂ ಬೇಡ. ಹತ್ತಿರದ ಆಸ್ಪತ್ರೆಗೆ ಹೋಗಿ. ಆಪರೇಷನ್‌ನ ಕಾಗದ ಕೈಯಲ್ಲಿರಲಿ.

ಮನೆಯವರ ಪಾಲಿನ ಕಷ್ಟವನ್ನೂ ಹೇಳಬೇಕು. ಬಿದ್ದ ಗಂಡಸನ್ನು ನೋಡಿಕೊಳ್ಳಲು ಹೆಂಡತಿ ಇರುತ್ತಾಳೆ. ಬಿದ್ದದ್ದು ಹೆಂಡತಿಯಾದರೆ? ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮನೆಗಳಲ್ಲಿ ಆಕೆ ಮೂರನೆಯ ವಾರಕ್ಕೇ ವಾಕರ್ ಬದಿಗಿಟ್ಟು ಒಲೆಯ ಮುಂದೆ ನಿಂತಿರುತ್ತಾಳೆ. ಈ ಬರಹ ಓದಿದ ಗಂಡಸರು ಒಂದು ಸಾರು, ಒಂದು ಪಲ್ಯ ಮಾಡಲು ಕಲಿತರೂ ಇದು ಸಾರ್ಥಕ.

ಏನಾಗಬೇಕು, ನಾವೇನು ಮಾಡಬಹುದು

ಸರ್ಕಾರಗಳಿಗೆ ನಮ್ಮ ಬೇಡಿಕೆ ಎರಡು. ಮೊದಲನೆಯದು, ಹೊರರಾಜ್ಯದ ಕನ್ನಡಿಗರು ಬರುವ ಕರ್ನಾಟಕದ ಆಸ್ಪತ್ರೆಗಳು ಬಿಡುಗಡೆ ಪತ್ರದ ಜೊತೆ ಒಂದೇ ಒಂದು ಪುಟ ಕೊಡಲಿ. ಒಂದು ಬದಿ ಕನ್ನಡ, ರೋಗಿಗೆ. ಇನ್ನೊಂದು ಬದಿ ಆತನ ಊರಿನ ರಾಜ್ಯಭಾಷೆ ಅಥವಾ ಇಂಗ್ಲಿಷ್, ಊರಿನ ನರ್ಸಿಗೆ. ಎರಡನೆಯದು, ವಿಮೆಯ 15 ದಿನದ ಗಡುವನ್ನು ಕೀಲಿನ ಆಪರೇಷನ್‌ಗಳಿಗೆ ಹನ್ನೆರಡು ವಾರಕ್ಕೆ ಏರಿಸಿ, ರೋಗಿಯ ಊರಿನಲ್ಲೇ ಫಿಸಿಯೋಥೆರಪಿ ಸಿಗುವಂತೆ ಮಾಡಲಿ. ಇದು ಆಗದ ಕೆಲಸವಲ್ಲ. ತಮಿಳುನಾಡು 2021ರ ಆಗಸ್ಟ್‌ನಲ್ಲಿ ನಮ್ಮ ಹೊಸೂರು ಸೀಮೆ ಇರುವ ಕೃಷ್ಣಗಿರಿ ಜಿಲ್ಲೆಯಲ್ಲೇ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭಿಸಿತು. ಜನರನ್ನು ಅರಸಿ ಬರುವ ಚಿಕಿತ್ಸೆ ಎಂದು ಅದರ ಅರ್ಥ. ಮನೆಬಾಗಿಲಿಗೆ ಫಿಸಿಯೋಥೆರಪಿಯೂ ಅದರಲ್ಲಿದೆ. ಹೊಸೂರು, ತಾಳವಾಡಿ, ನೀಲಗಿರಿಯ ಸದಸ್ಯರು ಆಪರೇಷನ್ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಆಗಿದ್ದರೂ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಲು ಕೇಳಿ. ಕಾಸರಗೋಡಿನವರು ವಾರ್ಡ್ ಸದಸ್ಯರಿಗೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ ಪಾಲಿಯೇಟಿವ್ ಪಟ್ಟಿಗೆ ಸೇರಿಸಿ. ಆಪರೇಷನ್ ಬೇರೆ ರಾಜ್ಯದಲ್ಲಿ ಆಯಿತೆಂದು ಸಂಕೋಚ ಪಡಬೇಡಿ. ಮನೆ ಇಲ್ಲಿದೆ, ತೆರಿಗೆ ಇಲ್ಲಿ ಕಟ್ಟುತ್ತೇವೆ.

ಸಂಘವಾಗಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಒಂಬತ್ತನೆಯ ವಾರ ಊರುಗೋಲು ಹಿಡಿದು ಕಾರ್ಯಕಾರಿ ಸಮಿತಿಯ ಸಭೆಗೆ ಹೋದೆವು. ನಮ್ಮ ಸಭಾಭವನಕ್ಕೆ ನಾಲ್ಕು ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ. ಹದಿನೆಂಟು ವರ್ಷದಿಂದ ಆ ಮೆಟ್ಟಿಲು ಹತ್ತಿ ಇಳಿದಿದ್ದೇವೆ, ಒಮ್ಮೆಯೂ ಎಣಿಸಿರಲಿಲ್ಲ. ಆಗ ನೆನಪಾಯಿತು: ಮಂಡಿಯ ಆಪರೇಷನ್ ಆದ ಮೇಲೆ ಒಬ್ಬ ಹಿರಿಯ ಸದಸ್ಯೆ ರಾಜ್ಯೋತ್ಸವಕ್ಕೆ ಬರುವುದನ್ನೇ ಬಿಟ್ಟಿದ್ದರು. ಆಸಕ್ತಿ ಕಡಿಮೆಯಾಯಿತೆಂದು ನಾವೆಲ್ಲ ಅಂದುಕೊಂಡಿದ್ದೆವು. ಆಸಕ್ತಿ ಕಡಿಮೆಯಾಗಿರಲಿಲ್ಲ, ಮೆಟ್ಟಿಲು ಹೆಚ್ಚಾಗಿತ್ತು.

ಸಮಿತಿ ಆ ದಿನವೇ ಮೂರು ತೀರ್ಮಾನ ಮಾಡಿದೆ. ಭವನದ ಮೆಟ್ಟಿಲಿಗೆ ಈ ತಿಂಗಳಲ್ಲೇ ಕಂಬಿ, ಬೇಸಿಗೆಯೊಳಗೆ ಇಳಿಜಾರು ದಾರಿ. ಎರಡು ವಾಕರ್, ಎರಡು ಕಮೋಡ್ ಕುರ್ಚಿ ಕೊಂಡು ಬೇಕಾದ ಸದಸ್ಯರ ಮನೆಗೆ ಪುಕ್ಕಟೆಯಾಗಿ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ಪಡೆಯುವುದು. ಆಪರೇಷನ್ ಆಗಿ ಗುಣವಾದವರ ಮನೆಯ ಅಟ್ಟದಲ್ಲಿ ಇಂಥವು ಧೂಳು ಹಿಡಿದಿದ್ದರೆ ದಯವಿಟ್ಟು ಸಂಘಕ್ಕೆ ಕೊಡಿ. ಮೂರನೆಯದು, ಕನ್ನಡದ ಒಂದು ಪುಟದ ಸೂಚನೆಯನ್ನು ಮೂಳೆ ವೈದ್ಯರಿಗೆ ತೋರಿಸಿ ಸರಿಪಡಿಸಿಕೊಂಡು ಮುದ್ರಿಸುವುದು. ವೈದ್ಯರು ತಮ್ಮ ರೋಗಿಗೆ ತಕ್ಕಂತೆ ತುಂಬಲು ಅದರಲ್ಲಿ ಖಾಲಿ ಜಾಗ ಇರುತ್ತದೆ. ಮುಂದಿನ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ 10ಕ್ಕೆ ಭವನದಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರೊಡನೆ ಮಾತುಕತೆ ಇದೆ. ನಡೆಯಲು ಕಷ್ಟವಿರುವವರು ಮುಂಚಿತವಾಗಿ ತಿಳಿಸಿದರೆ ಕರೆತರುವ ವ್ಯವಸ್ಥೆ ಮಾಡುತ್ತೇವೆ. ಬೇರೆ ಊರುಗಳ ಘಟಕಗಳೂ ತಮ್ಮ ಭವನದ ಮೆಟ್ಟಿಲುಗಳನ್ನೊಮ್ಮೆ ಎಣಿಸಿ ನಮಗೆ ಬರೆಯಲಿ.

ಈಗ ಹನ್ನೊಂದನೆಯ ವಾರ. ಅಂಗಳದ ಪಾಚಿ ಕೆರೆದು ಬ್ಲೀಚಿಂಗ್ ಪೌಡರ್ ಹಾಕಿಸಿದ್ದೇವೆ. ಬೆಳಿಗ್ಗೆ ಗೇಟಿನವರೆಗೆ ಊರುಗೋಲು ಹಿಡಿದು ಹೋಗಿ ಪೇಪರ್ ತರುತ್ತೇವೆ. ತಗ್ಗಿನ ಕುರ್ಚಿ ಅಟ್ಟ ಸೇರಿದೆ. ಸೋಗೆ ಹಾಸಿದ ದಾರಿ ಬಿಟ್ಟು ಕಾಲಿಡುವುದಿಲ್ಲ. ನೀವೂ ಇಡಬೇಡಿ.

ಇತಿ,
ಕಾರ್ಯದರ್ಶಿ